ನಡುವಿನ ನೇರಕ್ಕೆ ಒಂದು ಗಂಟು

ನನ್ನ ತಮ್ಮ ರಾಘು ಜೀವಮಾನದಲ್ಲಿ ನನಗೆ ಕೊಟ್ಟದ್ದು ಒಂದೇ ಒಂದು ಕೆಲಸ. ಗಣಿತದ ಸಾಲುಗಳ ಮಧ್ಯೆ ಬರುವ ಸಣ್ಣ ಸಣ್ಣ ಚಿತ್ರಗಳನ್ನು ಮೇಲಕ್ಕೂ ಹೋಗದ ಹಾಗೆ, ಕೆಳಕ್ಕೂ ಜಾರದ ಹಾಗೆ ನಡುವಿಗೆ ಕೂರಿಸಬೇಕಿತ್ತು, ಅವನು ಬಿಡಿಸಿಕೊಟ್ಟ ಚಿತ್ರಗಳನ್ನೇ ಕೂರಿಸಬೇಕಿತ್ತು. ನಡುವಿಗೆ ಕೂರಿಸಿದೆ. ಅವನು ಬಿಡಿಸಿದ್ದನ್ನು ಕೂರಿಸಲಿಲ್ಲ. ಅರ್ಧ ಕೆಲಸ ಮಾಡಿದವಳಿಗೆ ಅರ್ಧವೇ ತಪ್ಪು ಎಂದು ಬಹಳ ಕಾಲ ನನ್ನನ್ನು ನಾನೇ ನಂಬಿಸಿಕೊಂಡು ತಿರುಗಿದೆ.

ಆ ಕೆಲಸ ಮುಗಿದ ಮೇಲೂ ಅದರ ಚಾಳಿ ನನ್ನನ್ನು ಬಿಡಲಿಲ್ಲ. ಎಲ್ಲಿ ಹೋದರೂ ಕಣ್ಣು ವಸ್ತುಗಳ ನಡು ಹುಡುಕುತ್ತದೆ. ಈಚೆಗೆ ಹೆಮ್ಮಾಡಿಯಲ್ಲಿ ನಮ್ಮ ಸಂಬಂಧಿಕರ ಹುಡುಗನಿಗೆ ಹೆಣ್ಣು ನೋಡಲು ಹೋಗಿದ್ದೆವು. ಆ ಮನೆಯ ಚಾವಡಿಯಲ್ಲಿ ತೀರಿಹೋದ ಹಿರಿಯರ ಫೋಟೊಗಳನ್ನು ಸಾಲಾಗಿ ತೂಗುಹಾಕಿದ್ದರು. ಒಂದು ದೊಡ್ಡದು, ಒಂದು ಚಿಕ್ಕದು, ಇನ್ನೊಂದು ಮೊಟಕು. ಮೊಳೆಗಳನ್ನೆಲ್ಲ ಒಂದೇ ನೇರಕ್ಕೆ ಹೊಡೆದಿದ್ದರಿಂದ ತಲೆಗಳು ಸಮವಾಗಿದ್ದವು, ಪಾದಗಳು ಹೇಗೆಂದರೆ ಹಾಗೆ. ಹುಡುಗಿ ಕಾಫಿ ತರುವಷ್ಟರಲ್ಲಿ ನಾನು ಸ್ಟೂಲು ಹತ್ತಿ ಚಿಕ್ಕ ಫೋಟೊದ ದಾರ ಸಡಿಲಿಸುತ್ತಿದ್ದೆ.

"ಹ್ವಾಯ್, ಅದ್ ನಮ್ಮ ಅಜ್ಜಯ್ಯ. ಅವ್ರನ್ನ್ ಎಂತಕೆ ಕೆಳ್ಗ್ ಇಳ್ಸುದ್?" ಎಂದು ಹುಡುಗಿಯ ಅಜ್ಜಿ ಕೇಳಿದರು.

"ಇಳ್ಸುದಲ್ಲ ಅಜ್ಜಿ, ಎಲ್ಲರ್ ನಡು ಒಂದ್ ನೇರಕ್ಕ್ ಮಾಡುದ್" ಎಂದೆ.

"ಬದ್ಕಿದ್ದಾಗ್ಳೇ ಅವ್ರ್ ಯಾರ್ ನೇರಕ್ಕೂ ಬಪ್ಪರಲ್ಲ" ಎಂದರು ಅಜ್ಜಿ. ಸಂಬಂಧ ಕೂಡಿಬಂತು. ನಿಶ್ಚಿತಾರ್ಥಕ್ಕೆ ಮಾತ್ರ ಕಾರಿನಲ್ಲಿ ಜಾಗ ಸಾಲದು ಎಂಬ ನೆಪದಲ್ಲಿ ನನ್ನನ್ನು ಬಿಟ್ಟು ಹೋದರು.

ನಾನು ಕುಂದಾಪುರದ ಒಂದು ಸಣ್ಣ ಅಂಗಡಿಯಲ್ಲಿ ಡಿಟಿಪಿ ಮಾಡುವವಳು. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಯಕ್ಷಗಾನದ ಕರಪತ್ರ, ಉತ್ತರಕ್ರಿಯೆಯ ಕಾಗದ, ಹೀಗೆ ಮನುಷ್ಯರಿಗೆ ಏನೇನು ಆಗುತ್ತದೋ ಎಲ್ಲವೂ ನನ್ನ ಬೆರಳ ತುದಿಯಿಂದ ಹಾದುಹೋಗುತ್ತದೆ. ಓದಿದ್ದು ಎಂಟನೇ ಕ್ಲಾಸು. ಅಲ್ಲಿಗೆ ನಿಂತದ್ದಕ್ಕೆ ಮನೆಯ ಕಷ್ಟ ಕಾರಣ ಎಂದು ಹೇಳಿದರೆ ಕೇಳುವವರಿಗೆ ಹಿತವಾಗುತ್ತದೆ. ನಿಜವಾಗಿ ಗಣಿತದ ಮೇಷ್ಟ್ರಿಗೂ ನನಗೂ ಆಗುತ್ತಿರಲಿಲ್ಲ. ಅಮ್ಮ ಮೀನು ಮಾರಲು ಹೋದಾಗ ತಮ್ಮನನ್ನು ನೋಡಿಕೊಳ್ಳಲು ಒಬ್ಬರು ಬೇಕೆಂಬ ಮಾತು ಮನೆಯಲ್ಲಿ ಬಂದದ್ದೇ, ನಾನು ಎರಡೂ ಕೈ ಎತ್ತಿದೆ. ಹಾಗೆ ನನ್ನ ಸೊಂಟದ ಮೇಲೆ ಬೆಳೆದ ತಮ್ಮ ಮುಂದೆ ಬೈಂದೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರೇ ಆದ. ದೇವರಿಗೂ ಸ್ವಲ್ಪ ತಮಾಷೆ ಬೇಕಾಗುತ್ತದೆ.

ಚಿತ್ರ ಕೂರಿಸುವುದರಲ್ಲಿ ನನಗೆ ಒಂದು ನಿಯಮವಿತ್ತು. ಅದು ಅಂಗಡಿಯ ಮಾಲೀಕರಾದ ಶೆಟ್ರು ಹೇಳಿಕೊಟ್ಟದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮಾಸೆಬೈಲಿನವರೊಬ್ಬರ ಮಗಳ ಮದುವೆ ಕಾಗದ ಮಾಡಿದ್ದೆ. ಶುಭಾಶಯದ ಸಾಲಿನ ಮಧ್ಯೆ ಒಂದು ಪುಟ್ಟ ಗಣಪತಿಯನ್ನು ಇಟ್ಟಿದ್ದೆ. ಗಣಪತಿ ಹೇಗೋ ಸಾಲಿನಿಂದ ಕೆಳಗೆ ಜಾರಿ ಕೂತಿದ್ದ. ನನಗೆ ಅದು ಚಂದವೇ ಕಂಡಿತ್ತು. ಅವರು ಕಾಗದವನ್ನು ಕಣ್ಣ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ "ದೇವ್ರ್ ಹೊಂಡಕ್ಕ್ ಬಿದ್ದಂಗ್ ಕಾಂತ್ ಅಲ್ದಾ?" ಎಂದರು. ಅಷ್ಟೂ ಕಾಗದ ಮತ್ತೆ ಅಚ್ಚಾಯಿತು. ಅಂದಿನಿಂದ ಶೆಟ್ರ ಆಜ್ಞೆ: "ಚಿತ್ರದ್ ಕಾಲ್ ಅಕ್ಷರದ್ ಕಾಲಿಗಿಂತ ಕೆಳ್ಗ್ ಬಪ್ಪುಕಾಗ." ದೇವರಿರಲಿ, ತೆಂಗಿನಕಾಯಿ ಇರಲಿ, ತೀರಿಹೋದ ಅಜ್ಜನಿರಲಿ, ಎಲ್ಲರೂ ನೆಲದ ಮೇಲೆ ಕಾಲೂರಿ ನಿಲ್ಲಬೇಕು.

ಹೀಗೆ ಎಲ್ಲರನ್ನೂ ನೆಲಕ್ಕೆ ನಿಲ್ಲಿಸಿಕೊಂಡು ನೆಮ್ಮದಿಯಾಗಿದ್ದಾಗ ರಾಘು ಒಂದು ಪುಸ್ತಕ ಹಿಡಿದುಕೊಂಡು ಬಂದ. ಗಂಟುಗಳ ಗಣಿತ ಅಂತೆ. ಬ್ರಹ್ಮಾವರದಲ್ಲಿ ಗಣಿತ ಮೇಷ್ಟ್ರುಗಳ ಕಾರ್ಯಾಗಾರವೊಂದು ಇತ್ತು. ಅಲ್ಲಿ ಇವನು ಮಾತಾಡಬೇಕು, ಬಂದವರ ಕೈಗೆ ಈ ಪುಸ್ತಕ ಕೊಡಬೇಕು. ಅವರಿಗೆ ಹಿಡಿಸಿದರೆ ತಂತಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ. ದಿನಾ ಶಾಲೆ ಮುಗಿಸಿ ಬಂದು ವರ್ಷಗಟ್ಟಲೆ ಕೂತು ಬರೆದದ್ದು. ಬೈಂದೂರಿನ ಸ್ಟಾಫ್‌ರೂಮಿನಲ್ಲಿ ಇವನಿಗೆ ಗಂಟಿನ ಮೇಷ್ಟ್ರು ಎಂದೇ ಹೆಸರು ಬಿದ್ದಿತ್ತು. ಅದನ್ನು ಹೊಗಳಿಕೆಗೆ ಇಟ್ಟದ್ದಲ್ಲ. ಈ ಪುಸ್ತಕ ಒಂದು ನಾಲ್ಕು ಜನರೆದುರು ಚೆನ್ನಾಗಿ ನಿಂತರೆ ಸಾಕು ಎಂಬ ಆಸೆ ಅವನ ಮುಖದಲ್ಲೇ ಕಾಣುತ್ತಿತ್ತು.

ಆ ಗಣಿತದಲ್ಲಿ ಸಂಖ್ಯೆ ಇರಬೇಕಾದ ಜಾಗದಲ್ಲಿ ಚಿತ್ರ. ಮೊದಲು ಒಂದು ಚಿತ್ರ: ಎರಡು ಹಗ್ಗ ಒಂದನ್ನೊಂದು ದಾಟುತ್ತವೆ, ಒಂದು ಮೇಲೆ, ಇನ್ನೊಂದು ಕೆಳಗೆ. ಆಮೇಲೆ ಕಳೆಯುವ ಚಿಹ್ನೆ. ಆಮೇಲೆ ಇನ್ನೊಂದು ಚಿತ್ರ: ಅದೇ ಎರಡು ಹಗ್ಗ, ಆದರೆ ಮೇಲಿದ್ದದ್ದು ಕೆಳಗೆ. ಆಮೇಲೆ ಸಮಚಿಹ್ನೆ, ಒಂದು ಇಂಗ್ಲಿಷ್ ಅಕ್ಷರ, ಅದರ ಪಕ್ಕ ಮೂರನೇ ಚಿತ್ರ: ಹಗ್ಗಗಳು ಜಗಳವಾಡಿದವರ ಹಾಗೆ ತಾಗದೆ ಪಕ್ಕಪಕ್ಕದಲ್ಲಿ ಹೋಗುತ್ತವೆ. ಪುಸ್ತಕದ ತುಂಬ ಇದೇ ಸಾಲು ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತದೆ.

ನಾನು ಶೆಟ್ರ ನಿಯಮದಂತೆ ಎಲ್ಲ ಗಂಟುಗಳನ್ನೂ ನೆಲಕ್ಕೆ ನಿಲ್ಲಿಸಿ ತೋರಿಸಿದೆ. ರಾಘು ತಲೆ ಓರೆ ಮಾಡಿ ನೋಡಿದ.

"ಅಕ್ಕ, ಇದೆಲ್ಲ ನೆಲಕ್ಕ್ ಕೂತಿತ್ತಲೆ."

"ಮತ್ತೆಲ್ ಕೂಕಂಬುದ್? ಅಟ್ಟದ್ ಮೇಲಾ?"

"ಕಳೆಯುವ ಚಿಹ್ನೆ ಎಲ್ಲಿತ್ತ್ ಕಾಣ್. ನೆಲದ್ ಮೇಲಿತ್ತಾ?"

ನೋಡಿದೆ. ಇರಲಿಲ್ಲ. ಇಷ್ಟು ವರ್ಷ ಆ ಗೆರೆಯನ್ನು ಹೊಡೆದಿದ್ದೇನೆ, ಅದು ಗಾಳಿಯಲ್ಲಿ ನಿಂತಿರುತ್ತದೆ ಎಂದು ಒಂದು ದಿನವೂ ಕಂಡಿರಲಿಲ್ಲ.

"ಅದ್ ಅಕ್ಷರದ್ ಸೊಂಟದ್ ಮಟ್ಟಕ್ಕಿತ್ತ್. ಸಮಚಿಹ್ನೆಯೂ ಅಲ್ಲೇ, ಕೂಡು ಚಿಹ್ನೆಯೂ ಅಲ್ಲೇ. ಚಿತ್ರದ್ ಸೊಂಟವೂ ಅಲ್ಲೇ ಬರ್ಕ್."

"ಗಂಟಿಗ್ ಸೊಂಟ ಎಲ್ಲಿಂದ ಬಪ್ಪುದ್ ಮಾರಾಯ?"

"ಅದ್ರ್ ಎತ್ತರದ್ ಅರ್ಧ. ಓದುವವನ ಕಣ್ಣ್ ಆ ಗೆರೆ ಹಿಡ್ಕಂಡ್ ಸೀದಾ ಹೋಯಿ ಗಂಟಿನ್ ಮಧ್ಯಕ್ಕ್ ಮುಟ್ಕ್. ಇಲ್ಲದಿದ್ರೆ ಅಂವ ಗಂಟಿನ್ ಕಾಲಿಗ್ ತಾಗಿ ಬೀಳ್ತ."

ಶಾಲೆಯ ಗ್ರೂಪ್ ಫೋಟೊ ನೆನಪು ಮಾಡಿಕೊಳ್ಳಿ. ಎಲ್ಲರ ಕಾಲೂ ನೆಲದ ಮೇಲಿರುತ್ತದೆ, ತಲೆಗಳು ಮಾತ್ರ ಮೇಲೆ ಕೆಳಗೆ. ನನ್ನ ತಮ್ಮನಿಗೆ ಎಲ್ಲರ ಬೆಲ್ಟು ಒಂದೇ ಗೆರೆಯಲ್ಲಿ ಬರಬೇಕಂತೆ. ಅಂದರೆ ಗಿಡ್ಡನನ್ನು ಗಾಳಿಯಲ್ಲಿ ತೂಗುಹಾಕಬೇಕು, ಉದ್ದದವನನ್ನು ಮೊಣಕಾಲವರೆಗೆ ಹೂಳಬೇಕು. ಗಣಿತ ಓದಿದವರ ಜೊತೆ ನನಗೆ ಯಾಕೆ ಆಗುತ್ತಿರಲಿಲ್ಲ ಎಂದು ಆಗ ನೆನಪಾಯಿತು.

ಹೂಳುವ ಕೆಲಸ ಶುರುಮಾಡಿದೆ. ಚಿತ್ರವನ್ನು ಅದರ ಎತ್ತರದ ಅರ್ಧದಷ್ಟು ಕೆಳಗಿಳಿಸಿದೆ. ಸೊಂಟ ಸರಿಯಾಗಿ ನೆಲಕ್ಕೆ ಬಂತು. ಆದರೆ ಕಳೆಯುವ ಗೆರೆ ನೆಲದಲ್ಲಿಲ್ಲವಲ್ಲ, ಅದು ಸ್ವಲ್ಪ ಮೇಲಿದೆ. ಹಾಗಾಗಿ ಅರ್ಧ ಇಳಿಸಿ ಮತ್ತೆ ಒಂಚೂರು ಏರಿಸಬೇಕು. ಏರಿಸಿದೆ. ಈಗ ಕೆಳಗಿಳಿದ ಗಂಟು ಮುಂದಿನ ಸಾಲಿನ ತಲೆಕಟ್ಟು ಗುಡಿಸುಗಳ ಮೇಲೆ ಹೋಗಿ ಕೂತಿತು, ಮೇಲಿನ ಸಾಲಿನ ಒತ್ತಕ್ಷರಗಳು ಗಂಟಿನ ತಲೆಗೆ ಕುಟ್ಟಿದವು. ಸಾಲುಗಳನ್ನು ದೂರ ಮಾಡಿದೆ. ಪುಟಗಳೆಲ್ಲ ಕದಲಿ, ಮೊದಲು ಸರಿಮಾಡಿದ್ದ ಗಂಟುಗಳು ಯಾವ್ಯಾವುದೋ ಪುಟಕ್ಕೆ ವಲಸೆ ಹೋದವು. ಶೆಟ್ರು ಹಿಂದಿನಿಂದ ಇಣುಕಿ, "ಎಲ್ಲ ಹೊಂಡಕ್ಕ್ ಹಾಕ್ತಾ ಇದ್ಯಲೆ?" ಎಂದು ಹೇಳಿ ಹೋದರು.

ಹೇಗೋ ಒಂದು ಸಾಲಿನ ಮೊದಲ ಚಿತ್ರ ಸರಿಯಾಯಿತು. ಎಷ್ಟು ಚಂದ ಎಂದರೆ, ಕಳೆಯುವ ಗೆರೆ ಹಗ್ಗಗಳು ದಾಟುವ ಜಾಗಕ್ಕೇ ಬೆರಳು ತೋರಿಸುತ್ತಿತ್ತು. ಅದೇ ಲೆಕ್ಕ ಹಿಡಿದು ಎರಡನೆಯದನ್ನು ಇಳಿಸಿದರೆ ಅದು ಮಾತ್ರ ಮೇಲೇ ನಿಂತಿತು. ಕಾರಣ ಆಮೇಲೆ ಗೊತ್ತಾಯಿತು. ರಾಘು ಕೈಯಲ್ಲೇ ಬಿಡಿಸಿ ಸ್ಕ್ಯಾನ್ ಮಾಡಿಸಿದ ಚಿತ್ರಗಳವು. ಒಂದೊಂದರ ಸುತ್ತ ಒಂದೊಂದು ಅಳತೆಯ ಬಿಳಿ ಜಾಗ. ಎರಡನೆಯದಕ್ಕೆ ಅಡಿಯಲ್ಲಿ ಜಾಸ್ತಿ ಬಿಳಿ. ಕಂಪ್ಯೂಟರು ಆ ಬಿಳಿಯನ್ನೂ ಸೇರಿಸಿ ಎತ್ತರ ಅಳೆಯುತ್ತದೆ. ಕಾಣದ ಕಾಲಿರುವ ಗಂಟನ್ನು ಹೂಳುವುದು ಹೇಗೆ? ಪ್ರತಿಯೊಂದರ ಬಿಳಿಯನ್ನೂ ಕತ್ತರಿಸಿ ಸಮ ಮಾಡಬೇಕಿತ್ತು. ಅಷ್ಟೇ ಕೆಲಸ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಅಪ್ಪಯ್ಯ, ಈಗ ಇಲ್ಲ, ಬಲೆ ಕಟ್ಟುವುದರಲ್ಲಿ ಬಹಳ ಕಟ್ಟುನಿಟ್ಟು. ಅಂಗಳದ ಎರಡು ತೆಂಗಿನ ಮರಗಳ ನಡುವೆ ಬಲೆ ಎಳೆದು ಕಟ್ಟಿ, ನಮ್ಮಿಬ್ಬರನ್ನೂ ಆಚೆ ಈಚೆ ಕೂರಿಸುತ್ತಿದ್ದರು. ನೂಲು ಯಾವ ಬದಿಯಿಂದ ಮೇಲೆ ಬರಬೇಕೋ ಅದೇ ಬದಿಯಿಂದ ಬರಬೇಕು. ರಾಘು ಎಡಚ. ಅವನು ಕಟ್ಟಿದ್ದೆಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಾಮುರುಗಾ ಆಗುತ್ತಿತ್ತು. ಅಪ್ಪಯ್ಯ ಎಳೆದು ನೋಡಿ, "ಇದ್ ಗಂಟಲ್ಲ, ಮೀನಿಗ್ ಬಾಗ್ಲ್" ಎನ್ನುತ್ತಿದ್ದರು. ಎಳೆದಾಗ ಅದು ಬಿಚ್ಚಿಕೊಂಡದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಆದರೂ ಕತ್ತರಿ ನನ್ನ ಕೈಗೆ ಬರುತ್ತಿತ್ತು. ತಮ್ಮನ ಗಂಟುಗಳನ್ನು ಕತ್ತರಿಸಿ ಮತ್ತೆ ಕಟ್ಟುವ ಅಧಿಕಾರ ನನ್ನದು. ಶಾಲೆಯಲ್ಲಿ ಸದಾ ತಪ್ಪು ಮಾಡಿದವಳಿಗೆ ಇನ್ನೊಬ್ಬರ ತಪ್ಪು ಕತ್ತರಿಸಲು ಸಿಕ್ಕಿದರೆ ಹೇಗಿರುತ್ತದೆ, ಹೇಳಿ. ಹಬ್ಬದೂಟದ ಹಾಗಿರುತ್ತದೆ. ರಾಘು ಕತ್ತರಿಸಿದ ನೂಲಿನ ತುಂಡುಗಳನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಪರದೆಯ ಮೇಲೆ ಆ ಎರಡನೇ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹಗ್ಗ ಉಲ್ಟಾ ಬದಿಯಿಂದ ಮೇಲೆ ಬಂದಿತ್ತು. ನನ್ನೊಳಗೆ ಕೂತಿದ್ದ ಅಪ್ಪಯ್ಯ ಕೂಡಲೇ ಎದ್ದರು. ಎಡಚ ಮತ್ತೆ ತಪ್ಪಾಗಿ ಕಟ್ಟಿದ್ದಾನೆ ಎಂದುಕೊಂಡೆ. ಒಂದು ಫೋನು ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ, ಯಾಕೆಂದರೆ ಅದು ತಪ್ಪಲ್ಲ ಎಂದು ಅವನು ಹೇಳಿಬಿಟ್ಟರೆ ಬಿಳಿ ಕತ್ತರಿಸುತ್ತ ಕೂರಬೇಕಿತ್ತು. ಸರಿಯಾಗಿ ಕೂತಿದ್ದ ಮೊದಲನೇ ಚಿತ್ರವನ್ನೇ ಕಾಪಿ ಮಾಡಿ ಎರಡನೆಯದರ ಜಾಗಕ್ಕೆ ಅಂಟಿಸಿದೆ. ಥಟ್ಟನೆ ನಡುವಿಗೆ ಕೂತಿತು. ಪುಸ್ತಕದ ಉದ್ದಕ್ಕೂ ಹಾಗೇ ಮಾಡುತ್ತ ಹೋದೆ. ಸೋಮಾರಿತನಕ್ಕೆ ಅಪ್ಪಯ್ಯನ ಒಪ್ಪಿಗೆಯೂ ಸಿಕ್ಕಿದಂತಾಗಿ ಕೈ ಬಹಳ ಚುರುಕಾಯಿತು.

ಕಾರ್ಯಾಗಾರ ಮರುದಿನ ಎನ್ನುವಾಗ ರಾಘು ಅವಸರದಲ್ಲಿ ಬಂದ. ಅಕ್ಷರಗಳ ಕರಡನ್ನು ಅವನು ಮೊದಲೇ ತಿದ್ದಿಯಾಗಿತ್ತು. ಈಗ ನೋಡಬೇಕಾದದ್ದು ನಡು ಮಾತ್ರ. ಸ್ಕೇಲು ತೆಗೆದು ಕಳೆಯುವ ಗೆರೆಯ ಮೇಲೆ ಇಟ್ಟ. ಸ್ಕೇಲಿನ ಅಂಚು ಎಲ್ಲ ಗಂಟುಗಳ ಮಧ್ಯದಿಂದ ಸೀದಾ ಹೋಯಿತು. ಅವನ ಮುಖ ಅರಳಿತು. "ಅಕ್ಕ, ದೊಡ್ಡ ದೊಡ್ಡ ಪ್ರೆಸ್ಸಿನವ್ರಿಗೂ ಹೀಂಗ್ ಬತ್ತಿಲ್ಲೆ" ಎಂದ. ಗಂಟುಗಳನ್ನು ಅವನು ನೋಡಲಿಲ್ಲ. ತಾನೇ ಬಿಡಿಸಿದ್ದನ್ನು ಯಾರು ಮತ್ತೆ ನೋಡುತ್ತಾರೆ? ಆ ಹೊಗಳಿಕೆಯನ್ನು ನಾನು ಬೇಡವೆನ್ನಲಿಲ್ಲ. ಮನೆಗೆ ಹೋಗಿ ಅಮ್ಮನಿಗೂ ಹೇಳಿದೆ.

ಬ್ರಹ್ಮಾವರಕ್ಕೆ ರಾತ್ರಿಯೇ ಅಚ್ಚಾದ ಪುಸ್ತಕದ ಕಟ್ಟು ಹಿಡಿದುಕೊಂಡು ನಾನೂ ಹೋದೆ. ನಡುವಿಗೆ ಕೂರಿಸಿದವರು ಯಾರು ಎಂದು ಯಾರಾದರೂ ಕೇಳಿಯಾರು ಎಂಬ ಆಸೆಯಿಂದ ಒಳ್ಳೆಯ ಸೀರೆ ಉಟ್ಟಿದ್ದೆ. ಹಿಂದಿನ ಬೆಂಚಿನಲ್ಲಿ ಕೂತೆ. ಎಂಟನೇ ಕ್ಲಾಸಿನಲ್ಲೂ ನನ್ನ ಜಾಗ ಅದೇ.

ರಾಘು ಮಾತು ಶುರುಮಾಡಿದ. "ನಮ್ಮಪ್ಪಯ್ಯ ಬಲೆ ಕಟ್ಟುತ್ತಿದ್ದರು. ನಾನು ಎಡಚ. ನಾನು ಕಟ್ಟಿದ ಗಂಟೆಲ್ಲ ತಪ್ಪು ಅಂತ ಕತ್ತರಿಸಿ ಹಾಕುತ್ತಿದ್ದರು. ಅದು ತಪ್ಪಲ್ಲ, ಬೇರೆ ಅಷ್ಟೇ ಅಂತ ಗೊತ್ತಾಗಲಿಕ್ಕೆ ನಾನು ಗಣಿತ ಓದಬೇಕಾಯಿತು. ಬಲಗೈ ಗಂಟಿಗೂ ಎಡಗೈ ಗಂಟಿಗೂ ಎಷ್ಟು ವ್ಯತ್ಯಾಸ ಅಂತ ಲೆಕ್ಕ ಹಾಕುವುದೇ ಈ ಪುಸ್ತಕ. ಮೊದಲ ಪುಟದ ಆ ಸಾಲು ನೋಡಿ."

ಎಲ್ಲರೂ ಪುಟ ತೆರೆದರು. ನಾನು ಕೈಯಲ್ಲಿದ್ದ ಪ್ರತಿಯನ್ನು ಮುಚ್ಚಿದೆ.

ಬಾರ್ಕೂರಿನ ಕಡೆಯ ಒಬ್ಬರು ಟೀಚರು ಎದ್ದು ನಿಂತರು. "ಸರ್, ಒಂದು ಸಣ್ಣ ಸಂಶಯ. ಎರಡೂ ಚಿತ್ರ ಒಂದೇ ಉಂಟಲ್ಲ? ಒಂದರಿಂದ ಅದನ್ನೇ ಕಳೆದರೆ ಸೊನ್ನೆ ಅಲ್ವಾ?"

ರಾಘು ಪುಟ ನೋಡಿದ. ಮುಂದಿನ ಪುಟ ನೋಡಿದ. ಅದರ ಮುಂದಿನದನ್ನೂ ನೋಡಿದ. ಪುಸ್ತಕದ ತುಂಬ ಸೊನ್ನೆ. ಮುಂದಿನ ಬೆಂಚಿನಲ್ಲಿ ಯಾರೋ, "ಅಷ್ಟು ದೊಡ್ಡ ಗಂಟು ಬಿಚ್ಚಿದ್ರೆ ಒಳಗೆ ಎಂತದೂ ಇಲ್ಲೆ ಮಾರಾಯ್ರೆ" ಎಂದರು. ಎಲ್ಲರೂ ನಕ್ಕರು. ಸತ್ಯ ಹೇಳಬೇಕೆಂದರೆ ಮಾತು ಚೆನ್ನಾಗಿತ್ತು. ಬೇರೆ ಯಾರ ಪುಸ್ತಕವಾಗಿದ್ದರೂ ನಾನೂ ನಗುತ್ತಿದ್ದೆ.

ರಾಘು ತಲೆ ಎತ್ತಿ ಹಿಂದಿನ ಬೆಂಚಿನತ್ತ ಒಮ್ಮೆ ನೋಡಿದ. ನಾನು ಚೀಲದಲ್ಲಿ ಏನನ್ನೋ ಹುಡುಕತೊಡಗಿದೆ. "ನನ್ನದೇ ತಪ್ಪು. ಕೊನೆಯ ಕರಡು ನೋಡಿದ್ದು ನಾನೇ" ಎಂದು ಹೇಳಿ, ಚಾಕ್‌ಪೀಸು ತೆಗೆದುಕೊಂಡು ಎಡಗೈಯಲ್ಲಿ ಹಲಗೆಯ ಮೇಲೆ ಆ ಎರಡನೇ ಗಂಟನ್ನು ಬಿಡಿಸಿದ. ಆಮೇಲೆ ಒಂದೊಂದು ಪುಟಕ್ಕೂ ಹಾಗೇ ಬಿಡಿಸುತ್ತ ಹೋದ. ಬಂದವರು ತಿಂಡಿಗೆ ಎದ್ದಾಗ ಅರ್ಧಕ್ಕರ್ಧ ಪುಸ್ತಕಗಳು ಬೆಂಚಿನ ಮೇಲೇ ಉಳಿದವು. ಅವುಗಳನ್ನು ಕಟ್ಟಿ ವಾಪಸು ಹೊತ್ತವಳು ನಾನೇ.

ಬಸ್ಸಿನಲ್ಲಿ ಅವನು ಕೇಳಿದ. "ಎಂತ ಆಯ್ತ್ ಅಕ್ಕ?"

"ಕಂಪ್ಯೂಟರಿಗ್ ವೈರಸ್ ಬಂದಿತ್ ಕಾಂತ್" ಎಂದೆ. ಹಿಂದುಮುಂದು ಯೋಚಿಸದೆ ಬಾಯಿಂದ ಬಂದದ್ದು ಅದು.

"ಹೌದಾ" ಎಂದು ಹೇಳಿ ಅವನು ಕಿಟಕಿಯ ಹೊರಗೆ ನೋಡಿದ.

ಸುಳ್ಳು ಅಲ್ಲಿಗೇ ನಿಂತಿದ್ದರೆ ಆಗುತ್ತಿತ್ತು. ಅಮ್ಮನ ಬಾಯಿಂದ ಅದು ಶೆಟ್ರಿಗೆ ಮುಟ್ಟಿತು. ಶೆಟ್ರು ಗಾಬರಿಯಾಗಿ ರಿಪೇರಿಯವನನ್ನು ಕರೆಸಿದರು. ಅವನು ಇಲ್ಲದ ವೈರಸ್ಸನ್ನು ಬೆಳಗಿನಿಂದ ಹುಡುಕಿ, ಇದು ಬಹಳ ಅಪಾಯದ ಜಾತಿ, ಅಡಗಿ ಕೂತಿದೆ ಎಂದು ಹೇಳಿ ಇಡೀ ಕಂಪ್ಯೂಟರನ್ನೇ ಒರಸಿ ಖಾಲಿ ಮಾಡಿಕೊಟ್ಟ. ಆ ಸೀಸನ್ನಿನ ಮದುವೆ ಕಾಗದಗಳೆಲ್ಲ ಹೋದವು. ವರ, ವಧು, ಸೋದರಮಾವ, ಮುಹೂರ್ತ, ಎಲ್ಲವನ್ನೂ ಮತ್ತೆ ಹೊಡೆದೆ. ಶೆಟ್ರು ಮಾತ್ರ ಬಂದ ಗಿರಾಕಿಗಳಿಗೆಲ್ಲ, "ಇವ್ಳ್ ಆ ವೈರಸ್ಸಿನ್ ಗುರ್ತ ಹಿಡ್ದದ್ದಕ್ಕೆ ಅಂಗಡಿ ಉಳೀತ್" ಎಂದು ನನ್ನನ್ನು ಹೊಗಳುತ್ತಿದ್ದರು. ಒಂದೊಂದು ಹೊಗಳಿಕೆಗೂ ನಾನು ಇನ್ನಷ್ಟು ಬಗ್ಗಿ ಟೈಪು ಮಾಡುತ್ತಿದ್ದೆ.

ನಮ್ಮ ಮನೆಯಲ್ಲಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ರೂಢಿ ಇಲ್ಲ. ತಪ್ಪು ಮಾಡಿದವರು ಎದುರಿನವರಿಗೆ ಮೀನಿನ ದೊಡ್ಡ ತುಂಡು ಬಡಿಸುತ್ತಾರೆ. ತಿಂದರೆ ಕ್ಷಮಿಸಿದ ಹಾಗೆ. ಅಪ್ಪಯ್ಯ ಅಮ್ಮ ಜೀವನವಿಡೀ ಹಾಗೇ ಸಾಗಿಸಿದರು. ನಾನೂ ರಾಘು ಬಂದಾಗಲೆಲ್ಲ ಅಂಜಲ್ ಮೀನಿನ ನಡುತುಂಡನ್ನು ಹುಡುಕಿ ಅವನ ಬಟ್ಟಲಿಗೆ ಹಾಕತೊಡಗಿದೆ. ಅವನು ತಿನ್ನುತ್ತಿದ್ದ, ಚೆನ್ನಾಗಿದೆ ಎನ್ನುತ್ತಿದ್ದ, ಹೋಗುತ್ತಿದ್ದ. ನನ್ನ ಹೊಟ್ಟೆಯೊಳಗಿನದು ಹೋಗುತ್ತಿರಲಿಲ್ಲ. ಒಂದು ದಿನ ಅಮ್ಮ ನನ್ನ ಬಟ್ಟಲಿನ ಮೀನಿನ ತಲೆಯನ್ನೂ ಅವನ ಬಟ್ಟಲಿನ ತುಂಡನ್ನೂ ನೋಡಿ, "ಎಂತ ಮಾಡಿದ್ಯೆ ಅವ್ನಿಗೆ?" ಎಂದು ಮೆಲ್ಲಗೆ ಕೇಳಿದರು. ಮೀನು ಮಾರಿದವರ ಕಣ್ಣಿಗೆ ತುಂಡಿನ ಅಳತೆ ತಪ್ಪುವುದಿಲ್ಲ. ಸಾರು ಬೇಕಾ ಎಂದು ಕೇಳಿ ನಾನು ಎದ್ದುಹೋದೆ.

ಕಳೆದ ವಾರ ರಾಘು ಅಂಗಡಿಗೆ ಬಂದ. ಆ ಬಾರ್ಕೂರಿನ ಟೀಚರು ಇವನನ್ನು ಬಿಟ್ಟಿರಲಿಲ್ಲವಂತೆ. ಸರಿಯಾದ ಪುಸ್ತಕ ಕೊಟ್ಟರೆ ತಮ್ಮ ಶಾಲೆಯಲ್ಲಿ ಹೇಳಿಕೊಡುತ್ತೇನೆ ಎಂದು ಫೋನು ಮಾಡಿದ್ದರಂತೆ. ಬೈಂದೂರಿನಲ್ಲೂ ಡಿಟಿಪಿ ಅಂಗಡಿಗಳಿವೆ, ಅವನ ಶಾಲೆಯ ಎದುರಿಗೇ ಒಂದಿದೆ. ಅವನು ಬಸ್ಸು ಹತ್ತಿ ನನ್ನ ಹತ್ತಿರವೇ ಬಂದಿದ್ದ. ಹೊಸದಾಗಿ ಬಿಡಿಸಿದ ಚಿತ್ರಗಳನ್ನು ಮೇಜಿನ ಮೇಲೆ ಹರಡಿದ. ಎಲ್ಲದರ ಬಿಳಿಯನ್ನೂ ತಾನೇ ಕತ್ತರಿಸಿ ಸಮ ಮಾಡಿಕೊಂಡು ಬಂದಿದ್ದ.

ಶೆಟ್ರು ಕನ್ನಡಕ ಏರಿಸಿ, "ಮೇಷ್ಟ್ರೆ, ಹುಷಾರಿ. ಆ ವೈರಸ್ ಮತ್ತ್ ಬಂದ್ರೆ ಕಷ್ಟ" ಎಂದರು.

"ನಂಗ್ ಆ ವೈರಸ್ಸಿನ್ ಹೆದ್ರಿಕೆ ಇಲ್ಲೆ ಶೆಟ್ರೆ" ಎಂದ ರಾಘು. "ನಾನ್ ಸಣ್ಣಂವ ಇದ್ದಾಗ್ಳೇ ಅದ್ರ್ ಗುರ್ತ ಇತ್ತ್."

ಹೇಳಿ ನನ್ನತ್ತ ನೋಡಲಿಲ್ಲ, ನಗಲೂ ಇಲ್ಲ. ಚಿತ್ರಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಿದ್ದ. ಶೆಟ್ರು ಅರ್ಥವಾಗದೆ ಹಲ್ಲು ಕಿರಿದರು. ಅವರು ಚಾ ಕುಡಿಯಲು ಹೊರಗೆ ಹೋಗಲಿ ಎಂದು ಕಾದೆ. ಹೋಗಲಿಲ್ಲ. ಅವರೆದುರೇ ಹೇಳಿದರೆ ಆ ಮದುವೆ ಕಾಗದಗಳ ಲೆಕ್ಕವೂ ನನ್ನ ತಲೆಗೇ ಬರುತ್ತದೆ. ಕೀಬೋರ್ಡಿನಿಂದ ಕೈ ತೆಗೆದೆ.

"ರಾಘು, ವೈರಸ್ಸು ಗೀರಸ್ಸು ಎಂತದೂ ಇಲ್ಲೆ. ಶೆಟ್ರೆ, ನೀವೂ ಕೇಣಿ. ನಾನೇ ಮಾಡದ್ದ್. ಎರಡೂ ಬೇರೆ ಬೇರೆ ಅಂದೇಳಿ ನಂಗ್ ಕಂಡಿತ್. ನಿಂಗ್ ಗೊತ್ತಿಲ್ಲೆ, ನಂಗೇ ಗೊತ್ತಿತ್ತ್ ಅಂದ್ಕಂಡೆ. ನಿನ್ ಹತ್ರ ಒಂದ್ ಮಾತ್ ಕೇಣ್ಲಿಲ್ಲೆ. ಅಷ್ಟ್ ಜನರೆದ್ರ್ ನೀನ್ 'ತಪ್ಪ್ ನಂದೇ' ಅಂದಾಗ್ಳೂ ಬಾಯಿ ಬಿಡ್ಲಿಲ್ಲೆ. ಅಂಗಳದಲ್ಲ್ ನಿನ್ ಗಂಟ್ ಕತ್ತರ್ಸದ್ದೂ ತಪ್ಪೇ, ಇಲ್ಲ್ ಕತ್ತರ್ಸದ್ದೂ ತಪ್ಪೇ. ನನ್ನಿಂದ ತಪ್ಪಾಯ್ತ್ ಮಾರಾಯ."